ಉಳಿದ ಸೀಸ

ಪೊಲೀಸರ ಫೈರಿಂಗ್ ರೇಂಜಿನ ಮಣ್ಣುದಿಬ್ಬದಲ್ಲಿ ಹೂತುಹೋದ ಗುಂಡುಗಳನ್ನು ಕುಟ್ಟಯ್ಯ ಹೆಕ್ಕಿ ತರುತ್ತಿದ್ದ. ಆ ಸೀಸವನ್ನು ಹಿತ್ತಲ ಒಲೆಯ ಮೇಲೆ ಕರಗಿಸಿ, ಅಚ್ಚಿಗೆ ಹೊಯ್ದು, ತನ್ನ ಕೋವಿಗೆ ಹೊಸ ಗುಂಡು ಮಾಡಿಕೊಳ್ಳುತ್ತಿದ್ದ. ಒಮ್ಮೆ ಅವನು ಹೊಡೆದ ಕಾಡುಹಂದಿಯ ಹೊಟ್ಟೆ ಸೀಳಿದಾಗ ಒಳಗೆ ಮರಿಗಳಿದ್ದವು. ಆಗ ಅವನ ಹೆಂಡತಿ ದೇಚಮ್ಮನೂ ತುಂಬು ಬಸುರಿ. ಅಂದಿನಿಂದ ಅವನು ಕೋವಿ ಮುಟ್ಟಲಿಲ್ಲ.

ಮಗಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಊಟ ಸೇರಲಿಲ್ಲ, ಆಡುತ್ತಿದ್ದ ಮಾತೂ ಕಡಿಮೆಯಾಯಿತು. ಆ ಮರಿಗಳ ಶಾಪವೇ ತಗುಲಿದೆ ಎಂದು ಕುಟ್ಟಯ್ಯ ಒಳಗೊಳಗೇ ಬೆಂದುಹೋದ.

ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಕೇಳಿದರು.

"ಮಗುವಿನ ರಕ್ತದಲ್ಲಿ ಸೀಸ ಸೇರಿದೆ. ಮನೇಲಿ ಸೀಸ ಕರಗಿಸ್ತೀರಾ?"

"ಕರಗಿಸ್ತಿದ್ದೆ ಡಾಕ್ಟ್ರೇ, ಗುಂಡಿಗೆ. ಇವಳು ಹುಟ್ಟೋ ಮೊದಲೇ ಬಿಟ್ಟುಬಿಟ್ಟೆ."

"ಹಾಗಾದ್ರೆ ಈಗ ಬೇರೆ ಎಲ್ಲಿಂದಲೋ ಒಳಗೆ ಹೋಗ್ತಾ ಇದೆ. ಯೋಚನೆ ಮಾಡಿ ಹೇಳಿ."

ದೇಚಮ್ಮ ಗಂಡನ ಮುಖ ನೋಡಲಾಗದೆ ಮಗಳ ತಲೆ ಸವರಿದಳು.

"ಉಳಿದ ಗುಂಡನ್ನೆಲ್ಲ ಕರಗಿಸಿ, ಹುಟ್ಟೋ ಕೂಸಿಗೆ ಅಂತ ಪುಟ್ಟ ಆನೆ ಮಾಡಿಟ್ಟಿದ್ರಲ್ಲ," ಅಂದಳು. "ಅದರ ಸೊಂಡಿಲು ಚೀಪಿದ್ರೇನೇ ಇವಳಿಗೆ ನಿದ್ದೆ."