ಹನ್ನೆರಡಕ್ಕೆ ಅಳಿಯುವ ಪ್ರತಿ

ಹನ್ನೊಂದೂ ಮುಕ್ಕಾಲಿಗೆ ಕಚೇರಿಯ ಸರ್ವರ್‌ನ ಡಿಸ್ಕ್ ಸುಟ್ಟುಹೋಗಿರುವುದು ಖಚಿತವಾಯಿತು. ಮುಖ್ಯ ಎಂಜಿನಿಯರರ ಸೇತುವೆ ನಕ್ಷೆಗಳು, ಆಗಾಗ ತೆಗೆದಿಟ್ಟ ಅವುಗಳ ಸ್ನ್ಯಾಪ್‌ಶಾಟ್ ಪ್ರತಿಗಳು, ಎಲ್ಲವೂ ಅದೇ ಡಿಸ್ಕ್‌ನಲ್ಲಿದ್ದವು. "ಸ್ನ್ಯಾಪ್‌ಶಾಟ್ ಇದ್ಮೇಲೆ ಬೇರೆ ಕಡೆ ಬ್ಯಾಕಪ್ ಯಾಕೆ? ಸುಮ್ನೆ ದಂಡ" ಎಂದು ಎಲ್ಲರೆದುರು ನಕ್ಕು, ತಾನಾಗಿಯೇ ನಡೆಯುತ್ತಿದ್ದ ಬ್ಯಾಕಪ್ ನಿಲ್ಲಿಸಿದವರು ಅವರೇ. ಅದಕ್ಕೆ ಒಪ್ಪದ, ಸರ್ವರ್ ನೋಡಿಕೊಳ್ಳುತ್ತಿದ್ದ ಅಕ್ಕನನ್ನು ಕೆಲಸದಿಂದ ಕಿತ್ತುಹಾಕಿದವರೂ ಅವರೇ. ಈಗ ಅದೇ ಕೆಲಸ ನೋಡಿಕೊಳ್ಳುತ್ತಿದ್ದ ಅವಳ ತಂಗಿಯ ಮೇಜಿನೆದುರು ಬೆವರೊರೆಸಿಕೊಳ್ಳುತ್ತ ನಿಂತಿದ್ದರು.

"ಏನಾದ್ರೂ ಉಳಿದಿದೆಯೇನಮ್ಮಾ? ನಾಳೆ ನಕ್ಷೆ ಒಪ್ಪಿಸ್ಬೇಕು. ನನ್ನ ಮಾನ ಹೋಗುತ್ತೆ."

ಉಳಿದಿತ್ತು. ಅಕ್ಕ ಹೋಗುವ ಮುನ್ನ ಬೇರೆ ಕಡೆ ತೆಗೆದಿಟ್ಟ, ಆ ನಕ್ಷೆಗಳೂ ಇದ್ದ ಕೊನೆಯ ಬ್ಯಾಕಪ್, ಅವರಿಗೆ ಕಾಣದಂತೆ ತಿರುಗಿದ್ದ ಪರದೆಯ ಮೇಲಿತ್ತು. ಅವಧಿ ಮುಗಿದ ಪ್ರತಿಗಳನ್ನು ಮಧ್ಯಾಹ್ನ ಹನ್ನೆರಡಕ್ಕೆ ವ್ಯವಸ್ಥೆ ತಾನೇ ಅಳಿಸುತ್ತದೆ. ಇವತ್ತು ಅದರ ಸರದಿ. 'ಉಳಿಸು' ಎಂದು ಒಮ್ಮೆ ಒತ್ತಿದರೆ ಸಾಕಿತ್ತು. ಅವಳು ಮೌಸ್‌ನಿಂದ ಕೈ ತೆಗೆದು ಅವರಿಗೆ ಕುರ್ಚಿ ಎಳೆದುಕೊಟ್ಟಳು.

"ಕೂತ್ಕೊಳ್ಳಿ ಸರ್, ನೀರು ಕುಡೀರಿ. ಅಕ್ಕನ್ನ ಯಾಕೆ ತೆಗೆದ್ರಿ? ಮೊದ್ಲಿಂದ ಹೇಳಿ."

"ಅದನ್ನ ಈಗ್ಯಾಕೆ ಕೆದಕ್ತೀಯಮ್ಮಾ?"

"ಹೇಳಿ ಸರ್, ಕೇಳ್ತೀನಿ."

ಅವರು ತಡವರಿಸುತ್ತ ಶುರುಮಾಡಿದರು. ಅವಳು ಒಂದು ಮಾತಿಗೂ ಅಡ್ಡ ಬರಲಿಲ್ಲ. ಅವರ ಮಾತು ಮುಗಿಯುವ ಮುನ್ನವೇ ಗಂಟೆ ಹನ್ನೆರಡಾಯಿತು, ಪ್ರತಿ ಅಳಿಸಿಹೋಯಿತು.