ಕಾಲು ಮುಂದಾಗಿ ಹುಟ್ಟಿದವಳು

"ಲಗೂನ ಒದಿ ಬೇ!" ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಿದ್ದ ಕಾಳವ್ವ ಸೊಸೆಗೆ ಗದರಿದಳು. ಬಬಲೇಶ್ವರದ ಸಂತೆಯಲ್ಲಿ ಜೋಳದ ಚೀಲ ಎತ್ತಲು ಹೋಗಿ ಅವಳ ಸೊಂಟ ಉಳುಕಿತ್ತು. ಕಾಲು ಮುಂದಾಗಿ ಹುಟ್ಟಿದವರು ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆಂದು ಊರವರ ನಂಬಿಕೆ. ಹಾಗೆ ಹುಟ್ಟಿದವಳು ಆ ಓಣಿಯಲ್ಲಿ ಸೊಸೆ ನಂದಾ ಒಬ್ಬಳೇ.

ನಂದಾ ಅತ್ತೆಯ ಸೊಂಟದ ಮೇಲೆ ಪಾದ ಇಟ್ಟಳು. ಒದೆಯಲಿಲ್ಲ.

"ಅತ್ತಿ, ಮನಿ ಹಾಳ ಮಾಡೂ ಕಾಲು ಅಂತಿದ್ರಲ್ಲ, ಇದ ಅಲ್ಲೇನ್ರಿ?"

"ಹೌದು, ಅಂದೇನಿ. ಈಗೂ ಅಂತೇನಿ. ಸುಮ್ನ ಒದಿ."

ನಂದಾ ಪಾದ ತೆಗೆದಳು. ಒಳಗಿನಿಂದ ನೋವಿನ ಮುಲಾಮು ತಂದು ಅತ್ತೆಯ ತಲೆಯ ಬಳಿ ಇಟ್ಟಳು.

"ಹಂಗಾರ ಈ ಕಾಲು ನಿಮಗ ಬ್ಯಾಡ್ರಿ. ನಿಮ್ಮ ಕೈಲೇ ಹಚ್ಕೋರಿ."

ಕಾಳವ್ವನ ಕೈ ಬೆನ್ನತ್ತ ತಿರುಗಿ ಅರ್ಧಕ್ಕೇ ನಿಂತಿತು. ನಂದಾ ಸೀರೆ ಎತ್ತಿ ಹಿಡಿದು, ಮಲಗಿದ್ದ ಅತ್ತೆಯನ್ನೇ ದಾಟಿಕೊಂಡು ಅಂಗಳಕ್ಕಿಳಿದಳು.