ಬೀರು ಸರಿಸಿದವರು ಯಾರು?

ಬೀರು ಮತ್ತೆ ನಾಲ್ಕು ಬೆರಳು ಸರಿದಿತ್ತು. ಸಂಜೆ ಡ್ಯೂಟಿ ಮುಗಿಸಿ ಬಂದ ಬಸ್ ಕಂಡಕ್ಟರ್ ಅಂಗಿ ಬಿಚ್ಚುವ ಮೊದಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ಅಳೆದ. ನಂಬಿಕೆ ಬರದೆ ಇನ್ನೊಮ್ಮೆ ಅಳೆದ. ಬೆಳಿಗ್ಗೆ ಹೊರಟಾಗ ಬೀರುವಿನ ಕಾಲು ಏಳನೇ ಟೈಲ್ಸಿನ ಗೆರೆಯಾಚೆ ಇತ್ತು. ಈಗ ಗೆರೆ ದಾಟಿ ಅವನ ಆರನೇ ಟೈಲ್ಸಿನೊಳಗೆ ರಾಜಾರೋಷವಾಗಿ ನಿಂತಿದೆ.

ಆ ಬೀರುವೇ ಮನೆಯ ನಡುಗೋಡೆ. ಇದ್ದ ಒಂದೇ ಕೋಣೆಯನ್ನು ಅಪ್ಪ ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡಿ ಕಣ್ಣು ಮುಚ್ಚಿದ್ದ. ಉದ್ದಕ್ಕೆ ಹದಿಮೂರು ಟೈಲ್ಸು, ತಲಾ ಆರು, ನಡುವಿನ ಒಂದರ ಮೇಲೆ ಬೀರು. ಬೀರು ಮುಗಿದ ಕಡೆಯಿಂದ ಗೋಡೆಯವರೆಗೆ ಒಂದು ಪರದೆ. ಇನ್ನೊಂದು ಕೋಣೆ ಹುಡುಕಿಕೊಳ್ಳಿ ಎಂದು ಹೇಳುವುದು ಸುಲಭ. ಆ ಊರಿನಲ್ಲಿ ಒಂದು ಕೋಣೆ ಖಾಲಿಯಾಗುತ್ತದೆಂಬ ಸುದ್ದಿ ಹುಟ್ಟುವುದರೊಳಗೆ ಅದರ ಬಾಗಿಲಲ್ಲಿ ನಲವತ್ತು ಜನ ನಿಂತಿರುತ್ತಿದ್ದರು. ತಮ್ಮನ ಗಡಿಯಾರ ರಿಪೇರಿ ಅಂಗಡಿಯಂತೂ ಯಾರದೋ ಮಹಡಿ ಮೆಟ್ಟಿಲಿನ ಕೆಳಗಿತ್ತು. ಅವನು ಸೀನಬೇಕಾದರೂ ಎದ್ದು ರಸ್ತೆಗೆ ಬರಬೇಕು.

"ಏನೋ, ಬೀರು ಮುಟ್ಟಿದ್ಯಾ?" ಕಂಡಕ್ಟರ್ ಪರದೆಯತ್ತ ತಿರುಗಿ ಕೇಳಿದ.

"ನಾನ್ಯಾಕೆ ಮುಟ್ಲಿ ಅಣ್ಣ? ಬೆಳಿಗ್ಗೆಯಿಂದ ಅಂಗಡೀಲಿದ್ದೆ," ಆಚೆಯಿಂದ ತಮ್ಮನ ದನಿ ಬಂತು. "ದಿನಾ ಅದಕ್ಕೆ ಬೆನ್ನು ಕೊಟ್ಟು ಶೂ ಹಾಕ್ಕೊಳ್ಳೋನು ನೀನು. ಒಂದು ಶೂ ಹಾಕ್ಕೊಳ್ಳೋಕೆ ಬೀರು ಅಷ್ಟು ಅಲ್ಲಾಡಬೇಕಾ?"

ಕಂಡಕ್ಟರ್‌ಗೆ ಕೆಮ್ಮು ಬಂತು. ಆಳು ಆರಡಿಗಿಂತ ಒಂದು ಗೇಣು ಕಡಿಮೆಯಿದ್ದರೆ ಅವನಿಗೆ ಈ ಪಾಡು ಇರುತ್ತಿರಲಿಲ್ಲ. ಮಲಗಿದರೆ ತಲೆ ಗೋಡೆಗೆ, ಕಾಲು ಬೀರುವಿಗೆ. ಅದಕ್ಕೇ ಶೂ ನೆಪದಲ್ಲಿ ಬೆಳಿಗ್ಗೆ ಬೆಳಿಗ್ಗೆ ಎರಡೆರಡು ಬೆರಳು ಆಚೆಗೆ ಒತ್ತುತ್ತಿದ್ದ. ಆದರೆ ತಾನು ಒತ್ತುವುದು ಕಷ್ಟ, ಇನ್ನೊಬ್ಬ ಒತ್ತುವುದು ಕಳ್ಳತನ ಎಂಬುದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

"ಹಾಗಾದ್ರೆ ಬೀರುವಿಗೇ ಕಾಲು ಬಂತು ಅನ್ನು."

"ಇದ್ದೇ ಇದೆಯಲ್ಲ ಅಣ್ಣ, ನಾಲ್ಕು. ನಮ್ಮಿಬ್ಬರದೂ ಸೇರಿಸಿದಷ್ಟು."

ಕಂಡಕ್ಟರ್‌ನ ಹೆಂಡತಿ ಈ ಮಾತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಗಂಡನ ಮುಂದೆ ಊಟದ ತಟ್ಟೆ ಇಟ್ಟಳು.

ಮರುದಿನ ಅವನು ಎಂದಿನಂತೆ ಮನೆಯಿಂದ ಹೊರಟ. ಡಿಪೋದಲ್ಲಿ ಇನ್ನೊಬ್ಬನ ಕೈಕಾಲು ಹಿಡಿದು ಡ್ಯೂಟಿ ಬದಲಾಯಿಸಿಕೊಂಡು, ಹನ್ನೊಂದು ಗಂಟೆಗೆ ಕಳ್ಳಹೆಜ್ಜೆಯಲ್ಲಿ ವಾಪಸು ಬಂದು ತನ್ನ ಹಾಸಿಗೆಯ ತುದಿಯಲ್ಲಿ ಕೂತ. ಹೆಂಡತಿ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕಿರ್ರೆಂದು ಸದ್ದಾಗಿ ಬೀರು ತಾನಾಗಿಯೇ ಅವನ ಕಡೆಗೆ ಬರತೊಡಗಿತು.

"ನಿಧಾನ ಅಕ್ಕಾ, ಭಾವನಿಗೆ ಗೊತ್ತಾದ್ರೆ?" ಪರದೆಯಾಚೆ ತಮ್ಮನ ಹೆಂಡತಿ ಕೇಳುತ್ತಿದ್ದಳು.

"ಗೊತ್ತಾದ್ರೆ ಏನು, ಅಳೀತಾರೆ. ಅಳೆದೂ ಅಳೆದೂ ಸುಸ್ತಾಗಿ ಮಲಗ್ತಾರೆ." ಅದು ತನ್ನ ಹೆಂಡತಿಯ ದನಿ!

ಕಂಡಕ್ಟರ್ ಪರದೆ ಸರಿಸಿದ. ಹೆಂಡತಿ ಟೊಂಕ ಕಟ್ಟಿ, ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬೀರುವಿನ ಕಾಲಡಿ ಸೋಪಿನ ನೀರು. ದಿನ ತುಂಬಿದ ತಮ್ಮನ ಹೆಂಡತಿ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದು ಕೂತು ಮೇಲ್ವಿಚಾರಣೆ ಮಾಡುತ್ತಿದ್ದಳು. ಪಕ್ಕದಲ್ಲಿ ಯಾರಿಂದಲೋ ಕೇಳಿ ತಂದ ಮರದ ತೊಟ್ಟಿಲು. ಅದರ ಮೂರು ಕಾಲುಗಳಿಗೆ ನೆಲ ಸಿಕ್ಕಿತ್ತು. ನಾಲ್ಕನೆಯದಕ್ಕೆ ಜಾಗವಿಲ್ಲದೆ ಇಡೀ ತೊಟ್ಟಿಲು ಟ್ರಂಕಿಗೆ ಒರಗಿ ವಾಲಿಕೊಂಡಿತ್ತು.

"ನಮ್ಮ ಜಾಗಾನ ನೀನೇ ಕದ್ದು ಕೊಡ್ತಿದ್ದೀಯೇನೇ?"

"ಕದಿಯೋದನ್ನ ನಿಮ್ಮಿಂದಲೇ ಕಲಿತದ್ದು. ನೀವು ಶೂ ಹಾಕ್ಕೊಳ್ಳೋ ಚಂದ ನಾನು ನೋಡಿಲ್ವಾ?"

"ಮತ್ತೆ ನಾನು ಕಾಲು ಎಲ್ಲಿ ಚಾಚ್ಲಿ?"

"ಮಡಚ್ಕೊಳ್ಳಿ. ಮಗು ಹುಟ್ಟಿದ ಮೇಲೆ ವಾಲಿದ ತೊಟ್ಟಿಲಿಂದ ಉರುಳಿ ಬೀಳೋದಕ್ಕಿಂತ ವಾಸಿ." ಅವಳು ಹಣೆಯ ಬೆವರು ಒರೆಸಿಕೊಂಡಳು. "ಅಲ್ಲಾ ರೀ, ಐವತ್ತು ಜನ ಹಿಡಿಸೋ ಬಸ್ಸಿಗೆ ನೂರು ಜನಾನ ತುಂಬಿ, 'ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಖಾಲಿ ಇದೆ' ಅಂತ ದಿನವಿಡೀ ಕೂಗ್ತೀರಲ್ಲ? ಮನೇಗೆ ಒಂದೇ ಒಂದು ಪ್ಯಾಸೆಂಜರ್ ಬರ್ತಿದೆ. ಅರ್ಧ ಟಿಕೆಟ್ಟಿನದೂ ಅಲ್ಲ. ಅದಕ್ಕೆ ಮಾತ್ರ ಜಾಗ ಇಲ್ವಾ?"

ಕಂಡಕ್ಟರ್‌ಗೆ ನಾಚಿಕೆಯಾಯಿತು, ಅದನ್ನು ತೋರಿಸಿಕೊಳ್ಳಲು ಇನ್ನಷ್ಟು ನಾಚಿಕೆಯಾಯಿತು. ಶೂ ಕಳಚಿ ಬದಿಗಿಟ್ಟು, ತಮ್ಮನ ಪಾಲಿನೊಳಗೆ ಬಂದ.

"ಜರುಗು ಆ ಕಡೆ," ಎಂದು ಹೆಂಡತಿಗೆ ಗದರಿಸಿ ಬೀರುವಿಗೆ ಹೆಗಲು ಕೊಟ್ಟ.

ಬೀರು ಒಂದೇ ಸಲಕ್ಕೆ ಗೇಣುದ್ದ ಸರಿಯಿತು. ತೊಟ್ಟಿಲಿನ ನಾಲ್ಕನೇ ಕಾಲು ಟಕ್ಕೆಂದು ನೆಲಕ್ಕೆ ಕೂತಿತು. ತಮ್ಮನ ಹೆಂಡತಿ ಗಾಬರಿಯಿಂದ ಎರಡೂ ಕೈ ಎತ್ತಿದಳು.

"ಸಾಕು ಭಾವಾ, ಸಾಕು! ಇಲ್ಲಿ ಬೇಕಾದಷ್ಟು ಜಾಗ ಆಯ್ತು!"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರ ಬಾಯಿಂದಲೂ ಅವನು ಈ ಮಾತು ಕೇಳಿರಲಿಲ್ಲ. ಇನ್ನೊಮ್ಮೆ ಕೇಳೋಣವೆಂದು ಕಂಡಕ್ಟರ್ ಬೀರುವನ್ನು ಮತ್ತೊಂದು ಸಲ ತಳ್ಳಿದ.